ಕಾಲು ಕಾಣದ ಬ್ಯಾಲೆ: ಮನೆಯ ಟಿವಿಯಲ್ಲಿ ಬ್ಯಾಲೆ ನೋಡುವ ಬಗೆ

ನಮ್ಮ ಮನೆಯಲ್ಲಿ ಮೊದಲ ಸಲ ಬ್ಯಾಲೆ ಡಿವಿಡಿ ಹಾಕಿದ ದಿನ ಅತ್ತೆ ಸೋಫಾದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಐದು ನಿಮಿಷ ಸುಮ್ಮನೆ ನೋಡಿ, "ಕಾಲ್ಬೆರಳ ತುದೀಲಿ ನಿಂತು ಕುಣೀತಾರೆ ಅಂದೆ. ಕಾಲೆಲ್ಲಿ?" ಎಂದು ಕೇಳಿದರು.

ಅತ್ತೆ ಹೇಳಿದ್ದು ಸರಿಯಾಗಿಯೇ ಇತ್ತು. ಬಿಳಿ ಉಡುಪಿನ ಹುಡುಗಿಯರು ಮೊಣಕಾಲಿನ ತನಕ ಚೆನ್ನಾಗಿ ಕಾಣುತ್ತಿದ್ದರು. ಅದರ ಕೆಳಗೆ ಏನೂ ಇಲ್ಲ. ಡಿಸ್ಕೇ ಹಾಳು ಅಂದುಕೊಂಡೆ. ನೋಡಿದರೆ ತಪ್ಪು ನನ್ನದು. ಹಳೆಯ ಚೌಕ ಚಿತ್ರದ ಎರಡು ಪಕ್ಕದ ಕಪ್ಪು ಪಟ್ಟಿ ನೋಡಲು ಆಗದೆ ಯಾವತ್ತೋ ರಿಮೋಟಿನಲ್ಲಿ 'ಝೂಮ್' ಒತ್ತಿಟ್ಟಿದ್ದೆ. 4:3 ಅಳತೆಯ ಚಿತ್ರವನ್ನು 16:9 ತೆರೆಯ ಅಗಲಕ್ಕೆ ಹಿಗ್ಗಿಸಿದರೆ ಎತ್ತರದಲ್ಲಿ ಕಾಲು ಭಾಗ ತೆರೆಯಿಂದ ಆಚೆ ಹೋಗುತ್ತದೆ. ಅರ್ಧ ತಲೆಯ ಕಡೆಯಿಂದ, ಇನ್ನರ್ಧ ಪಾದದ ಕಡೆಯಿಂದ. ಧಾರಾವಾಹಿ ನೋಡುವಾಗ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ನಡೆಯುವುದೆಲ್ಲ ಮುಖದಲ್ಲೇ. ಬ್ಯಾಲೆಯಲ್ಲಿ ಕಾಲು ಭಾಗ ಹೋದರೆ ಕಾಲೇ ಹೋಯಿತು.

ಆವತ್ತು ಝೂಮ್ ತೆಗೆದೆ. ಕಾಲು ಬಂತು. ಆದರೆ ಮುಂದೆ ಹತ್ತಾರು ಡಿಸ್ಕ್ ನೋಡುತ್ತಾ ಹೋದ ಹಾಗೆ ಇನ್ನೊಂದು ವಿಷಯ ಗೊತ್ತಾಯಿತು. ಟಿವಿ ಸೆಟ್ಟಿಂಗ್ ಎಲ್ಲ ಸರಿ ಇದ್ದರೂ ಎಷ್ಟೋ ಸಲ ಕಾಲು ಕಾಣುವುದಿಲ್ಲ. ಆಗ ತಪ್ಪು ನನ್ನ ರಿಮೋಟಿನದ್ದಲ್ಲ. ಅಲ್ಲಿ ಇನ್ನೊಬ್ಬರು ರಿಮೋಟ್ ಹಿಡಿದು ಕೂತಿರುತ್ತಾರೆ.

ಅವರೇ ವಿಡಿಯೊ ನಿರ್ದೇಶಕರು. ರಂಗಮಂದಿರದಲ್ಲಿ ಎಲ್ಲಿ ನೋಡಬೇಕು ಅನ್ನುವುದು ನಮಗೆ ಬಿಟ್ಟದ್ದು. ನಾಯಕಿಯನ್ನು ನೋಡಬಹುದು, ಹಿಂದೆ ಸಾಲಾಗಿ ನಿಂತವರನ್ನು ನೋಡಬಹುದು, ಬೇಜಾರಾದರೆ ಛಾವಣಿಯ ದೀಪ ನೋಡಬಹುದು. ಮನೆಯಲ್ಲಿ ನಮ್ಮ ಪರವಾಗಿ ಅವರೇ ನೋಡಿ ಮುಗಿಸಿರುತ್ತಾರೆ. ಡಿಸ್ಕ್ ಕೊಳ್ಳುವಾಗ ನರ್ತಕಿ ಯಾರು, ಸಂಗೀತ ಯಾರದು ಅಂತ ನೋಡುತ್ತೇವೆ. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಈ ಹೆಸರನ್ನು ಯಾರೂ ನೋಡುವುದಿಲ್ಲ. ನಾನೀಗ ಮೊದಲು ನೋಡುವುದೇ ಅದನ್ನು.

ಕ್ಯಾಮೆರಾಗೂ ರಂಗಕ್ಕೂ ಯಾಕೆ ಆಗಿಬರುವುದಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಮೆರಾದ ನೋಟ ಬಿಡಿಸಿದ ಬೀಸಣಿಗೆಯ ಹಾಗೆ. ಹಿಡಿಯ ಹತ್ತಿರ ಕಿರಿದು, ದೂರ ಹೋದಷ್ಟೂ ಅಗಲ. ರಂಗ ಇದಕ್ಕೆ ಉಲ್ಟಾ. ಪ್ರೇಕ್ಷಕರಿಗೆ ಹತ್ತಿರ ಇರುವ ಮುಂದಿನ ಅಂಚೇ ಅಲ್ಲಿ ಎಲ್ಲರಿಗೂ ಚೆನ್ನಾಗಿ ಕಾಣುವ, ಅಗಲವಾದ ಜಾಗ. ನರ್ತಕಿ ಆ ಅಂಚಿನಲ್ಲಿ ಎಡದಿಂದ ಬಲಕ್ಕೆ ಓಡಿದರೆ ಮಂದಿರದಲ್ಲಿ ಕೂತವರಿಗೆ ಅದು ದೊಡ್ಡ ಓಟ. ಹತ್ತಿರದ ಕ್ಯಾಮೆರಾಗೆ ಅದು ಎರಡು ಹೆಜ್ಜೆ, ಅಷ್ಟರಲ್ಲಿ ಆಕೆ ಚೌಕಟ್ಟಿನಿಂದ ಹೊರಗೆ. ಕ್ಯಾಮೆರಾ ಅವಳ ಜೊತೆಗೇ ತಿರುಗಿದರೆ ಆಕೆ ತೆರೆಯ ನಡುವೆಯೇ ನಿಂತಿರುತ್ತಾಳೆ, ಹಿಂದಿನ ಪರದೆ ಓಡುತ್ತದೆ. ರೈಲಿನ ಕಿಟಕಿಯಲ್ಲಿ ಮರಗಳು ಓಡುವ ಹಾಗೆ. ವೇಗ ಅನ್ನುವುದೇ ಸತ್ತುಹೋಗುತ್ತದೆ.

ಹಾಗಾದರೆ ಇಡೀ ರಂಗವನ್ನೇ ಒಂದು ಚೌಕಟ್ಟಿನಲ್ಲಿ ಹಿಡಿದುಬಿಡಬಹುದಲ್ವಾ? ಲೆಕ್ಕ ಹಾಕಿ ನೋಡಿ. ರಂಗದ ಬಾಯಿ 14 ಮೀಟರ್ ಅಗಲ ಅಂತಿಟ್ಟುಕೊಳ್ಳಿ. 32 ಇಂಚಿನ ಟಿವಿಯ ಅಗಲ ಸುಮಾರು 70 ಸೆಂಟಿಮೀಟರ್. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಐದೂವರೆ ಅಡಿಯ ನರ್ತಕಿ ನಿಮ್ಮ ತೋರುಬೆರಳಿನಷ್ಟು ಆಗುತ್ತಾಳೆ. ಅವಳ ಪಾದ ಒಂದು ಹುಣಸೆ ಬೀಜದಷ್ಟು. ನಾಯಕಿಯ ಮುಖದಲ್ಲಿ ಏನು ನಡೆಯುತ್ತಿದೆ ಅಂತ ದೇವರಿಗೇ ಗೊತ್ತು. ಹತ್ತಿರ ಹೋದರೆ ಗುಂಪು ತಪ್ಪುತ್ತದೆ, ದೂರ ನಿಂತರೆ ಮನುಷ್ಯರು ತಪ್ಪುತ್ತಾರೆ. ವಿಡಿಯೊ ನಿರ್ದೇಶಕರ ಕೆಲಸ ಈ ಇಕ್ಕಟ್ಟಿನ ನಡುವೆ ಓಡಾಡುವುದು.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರಲ್ಲಿ ಬ್ಯಾಲೆ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ಒಬ್ಬರು. ಅಮೆರಿಕದ ಪಿಬಿಎಸ್ ವಾಹಿನಿ 1976ರಲ್ಲಿ 'ಡಾನ್ಸ್ ಇನ್ ಅಮೆರಿಕ' ಎಂಬ ಸರಣಿ ಶುರು ಮಾಡಿತು. ಅದಕ್ಕಾಗಿ 1977ರಲ್ಲಿ ಬ್ಯಾಲಂಚೀನ್ ತಮ್ಮ ನ್ಯೂಯಾರ್ಕ್ ಸಿಟಿ ಬ್ಯಾಲೆಯನ್ನು ಕರೆದುಕೊಂಡು ನ್ಯಾಶ್‌ವಿಲ್ ಊರಿನ ಸ್ಟುಡಿಯೊಗೆ ಹೋದರು. ಅಲ್ಲಿ ತಮ್ಮದೇ ಬ್ಯಾಲೆಗಳನ್ನು ಕ್ಯಾಮೆರಾಗೆ ತಕ್ಕಂತೆ ತಿದ್ದಿದರು. ಯಾರು ಎಲ್ಲಿ ನಿಲ್ಲಬೇಕು, ಯಾವ ದಿಕ್ಕಿನಿಂದ ಬರಬೇಕು ಅನ್ನುವುದನ್ನೇ ಬದಲಾಯಿಸಿದರು. ತಾನು ಕಟ್ಟಿದ್ದನ್ನು ತಾನೇ ಬಿಚ್ಚಿ ಮತ್ತೆ ಹೊಲಿಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಆದರೆ ಡಿಸ್ಕಿನಲ್ಲಿ ಸಿಗುವ ಬಹುಪಾಲು ಬ್ಯಾಲೆ ಸ್ಟುಡಿಯೊದ್ದಲ್ಲ, ಪ್ರೇಕ್ಷಕರ ಮುಂದೆ ನಡೆದ ಪ್ರದರ್ಶನದ್ದು. ಮಂದಿರದಲ್ಲಿ ಏಳೆಂಟು ಕ್ಯಾಮೆರಾ ಇಡುತ್ತಾರೆ, ಕೆಲವು ಸಲ ಇನ್ನೂ ಜಾಸ್ತಿ. ಹೊರಗೆ ನಿಂತ ಒಂದು ವ್ಯಾನಿನಲ್ಲಿ ನಿರ್ದೇಶಕರು ಪರದೆಗಳ ಸಾಲಿನ ಮುಂದೆ ಕೂತಿರುತ್ತಾರೆ. ಪಕ್ಕದಲ್ಲಿ ಒಬ್ಬರು ಸಂಗೀತದ ಸ್ವರಲಿಪಿ ಹಿಡಿದು ಕೂತು ತಾಳದ ಆವರ್ತಗಳನ್ನು ಎಣಿಸಿ ಕೂಗುತ್ತಾ ಹೋಗುತ್ತಾರೆ. ಇಷ್ಟನೆಯ ಆವರ್ತಕ್ಕೆ ಮೂರನೇ ಕ್ಯಾಮೆರಾ, ಇಷ್ಟನೆಯದಕ್ಕೆ ಐದನೆಯದು ಅಂತ ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಡಿಸ್ಕಿಗೆ ಅಂತಾದರೆ ಎರಡು ದಿನದ ಪ್ರದರ್ಶನ ಹಿಡಿದು, ಚೆನ್ನಾಗಿ ಬಂದದ್ದನ್ನು ಹೊಲಿಯುವುದೂ ಉಂಟು. ಈ ಕೆಲಸಕ್ಕೆ ನರ್ತಕರೇ ಬಂದರೆ ಅದರ ಗತ್ತೇ ಬೇರೆ. ಲಂಡನ್ನಿನ ರಾಯಲ್ ಬ್ಯಾಲೆಯ ಎಷ್ಟೋ ಪ್ರದರ್ಶನಗಳನ್ನು ಚಿತ್ರಿಸಿದ ರಾಸ್ ಮ್ಯಾಕ್‌ಗಿಬ್ಬನ್ ಮೊದಲು ಅದೇ ತಂಡದಲ್ಲಿ ಕುಣಿದವರು. ಒಂದು ಹೆಜ್ಜೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದು ಅಂಥವರಿಗೆ ಮೈಯಲ್ಲೇ ಗೊತ್ತು.

ಗೊತ್ತಿಲ್ಲದವರು ಏನು ಮಾಡುತ್ತಾರೆ ಅಂತ ನೋಡಬೇಕಿದ್ದರೆ ಬ್ಯಾಲೆಗೆ ಹೋಗಬೇಕಾಗಿಯೇ ಇಲ್ಲ. ಯಕ್ಷಗಾನದ ವಿಡಿಯೊ ನೋಡಿದವರಿಗೆಲ್ಲ ಈ ಸಂಕಟ ಗೊತ್ತು. ವೇಷಧಾರಿ ಧಿಗಿಣ ಹಾಕಲು ಶುರು ಮಾಡಿದ, ಚೆಂಡೆ ಏರಿತು, ಸರಿಯಾಗಿ ಆಗಲೇ ಕ್ಯಾಮೆರಾ ಭಾಗವತರ ಮುಖಕ್ಕೆ ಹೋಯಿತು. ವಾಪಸ್ ಬರುವಷ್ಟರಲ್ಲಿ ವೇಷಧಾರಿ ಬೆವರು ಒರೆಸಿಕೊಳ್ಳುತ್ತಿದ್ದಾನೆ. ಬ್ಯಾಲೆಯಲ್ಲೂ ಥೇಟ್ ಇದೇ. 'ಸ್ವಾನ್ ಲೇಕ್'ನ ಮೂರನೇ ಅಂಕದಲ್ಲಿ ಕಪ್ಪು ಹಂಸ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗುತ್ತಾಳೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪಿಯರೀನಾ ಲೆನ್ಯಾನಿ ತಿರುಗಿದ ಮೇಲೆ ಅದೊಂದು ಪದ್ಧತಿಯೇ ಆಯಿತು. ಅದರ ಬೆರಗು ಇರುವುದು ಆಕೆ ನಿಂತ ಜಾಗ ಬಿಟ್ಟು ಕದಲುತ್ತಿದ್ದಾಳಾ ಇಲ್ಲವಾ ಅನ್ನುವುದರಲ್ಲಿ. ಹನ್ನೆರಡನೇ ಸುತ್ತಿಗೆ ಕ್ಯಾಮೆರಾ ಬದಲಾದರೆ ಆ ಲೆಕ್ಕ ಅಲ್ಲಿಗೇ ಹರಿದುಹೋಯಿತು. ಹೊಸ ಕೋನದಲ್ಲಿ ನೆಲ ಬೇರೆ, ಹಿನ್ನೆಲೆ ಬೇರೆ. ಆಕೆ ಒಂದು ಗಜ ಮುಂದೆ ಬಂದಿದ್ದರೂ ನಮಗೆ ತಿಳಿಯುವುದಿಲ್ಲ.

ಈ ಕ್ಯಾಮೆರಾ ಜಗಳವನ್ನು ಪೂರ್ತಿ ನೋಡಲು ನಾನು ಎಲ್ಲರಿಗೂ ಹೇಳುವುದು ಒಂದೇ ಬ್ಯಾಲೆ. 'ಲಾ ಬಯದೇರ್'. ಕಾರಣ ಎರಡು. ಒಂದು, ಅದರಲ್ಲಿ ಕ್ಯಾಮೆರಾದ ಪರೀಕ್ಷೆ ಮಾಡುವಂಥ ಐದಾರು ನಿಮಿಷ ಇದೆ. ಎರಡು, ಕಥೆ ನಡೆಯುವುದು ನಮ್ಮ ದೇಶದಲ್ಲಿ, ಅಂದರೆ ರಷ್ಯಾದವರು ಅಂದುಕೊಂಡಿದ್ದ ನಮ್ಮ ದೇಶದಲ್ಲಿ.

ಬಯದೇರ್ ಅಂದರೆ ದೇವದಾಸಿ. ಪೋರ್ಚುಗೀಸರು ಇಲ್ಲಿನ ನರ್ತಕಿಯರನ್ನು ಕರೆದ ಮಾತು ಫ್ರೆಂಚಿಗೆ ಹೋಗಿ ಹೀಗಾಯಿತು. 1838ರಲ್ಲಿ ಪಾಂಡಿಚೇರಿ ಕಡೆಯ ತಿರುವಂದಿಪುರಂ ದೇವಸ್ಥಾನದ ನರ್ತಕಿಯರ ಒಂದು ತಂಡ ನಿಜವಾಗಿಯೇ ಪ್ಯಾರಿಸ್ಸಿಗೆ ಹೋಗಿ ಕುಣಿದಿತ್ತು. ಅದರಲ್ಲಿ ಅಮ್ಮಣಿ ಎಂಬಾಕೆ ಊರಿಗೆಲ್ಲ ಹೆಸರಾದಳು. ಆಕೆಯನ್ನು ನೋಡಿ ಮರುಳಾಗಿ ಪತ್ರಿಕೆಯಲ್ಲಿ ಬರೆದವರು ಕವಿ ಥಿಯೋಫಿಲ್ ಗೊತಿಯೆ. ಮೂರು ವರ್ಷದ ನಂತರ 'ಜಿಸೆಲ್' ಬ್ಯಾಲೆಯ ಕಥೆ ಬರೆದವರಲ್ಲಿ ಒಬ್ಬರೂ ಅವರೇ. ಮುಂದೆ ಶಕುಂತಲೆಯ ಮೇಲೂ ಒಂದು ಬ್ಯಾಲೆಗೆ ಕಥೆ ಬರೆದರು. ಹೀಗೆ ಯುರೋಪಿನ ರಂಗದ ಮೇಲೆ 'ಹಿಂದೂ ನರ್ತಕಿ' ಅನ್ನುವ ಹುಚ್ಚು ಸುಮಾರು ದಿನ ಓಡಿತು. 1877ರಲ್ಲಿ ಮಾರಿಯುಸ್ ಪೆತಿಪಾ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 'ಲಾ ಬಯದೇರ್' ಮಾಡಿದ್ದು ಆ ಹುಚ್ಚಿನ ಕೊನೆಯ ಕಡೆಗೆ. ಸಂಗೀತ ಲುದ್ವಿಗ್ ಮಿಂಕುಸ್ ಅವರದು.

ಕಥೆ ಒಂದೇ ಉಸಿರಿನಲ್ಲಿ: ನಿಕಿಯಾ ದೇವಸ್ಥಾನದ ನರ್ತಕಿ, ಸೊಲೊರ್ ವೀರ, ಇಬ್ಬರಿಗೂ ಪ್ರೀತಿ. ರಾಜ ತನ್ನ ಮಗಳು ಗಂಜತ್ತಿಯನ್ನು ಸೊಲೊರ್‌ಗೆ ಕೊಡಲು ಹೊರಡುತ್ತಾನೆ. ಹೂಬುಟ್ಟಿಯಲ್ಲಿ ಇಟ್ಟ ಹಾವು ಕಚ್ಚಿ ನಿಕಿಯಾ ಸಾಯುತ್ತಾಳೆ. ಸೊಲೊರ್ ಅಫೀಮು ಸೇದಿ ಕನಸಿಗೆ ಜಾರುತ್ತಾನೆ. ನಮ್ಮವರು ನೋಡಿದರೆ ನಗು ಬರುವ ಜಾಗ ಬೇಕಾದಷ್ಟಿವೆ. ದೇವಸ್ಥಾನದ ಮುಂದೆ ಯುರೋಪಿನ ವಾಲ್ಟ್ಸ್ ಕುಣಿತ ನಡೆಯುತ್ತದೆ. ಪೂಜಾರಿ ಹೊಟ್ಟೆಕಿಚ್ಚಿನಲ್ಲಿ ಕುದಿಯುತ್ತಾನೆ. ಚಿನ್ನದ ಬಣ್ಣ ಬಳಿದುಕೊಂಡ ವಿಗ್ರಹವೊಂದು ಎದ್ದು ಹಾರುತ್ತದೆ. ಕೆಲವು ಹಳೆಯ ವಿಡಿಯೊ ಮುದ್ರಣಗಳಲ್ಲಿ ಸಣ್ಣ ಮಕ್ಕಳಿಗೆ ಮೈತುಂಬ ಕಪ್ಪು ಬಣ್ಣ ಬಳಿದಿರುತ್ತಾರೆ. ಅದನ್ನು ನೋಡಿದರೆ ನಗು ಬರುವುದಿಲ್ಲ, ಮುಜುಗರವಾಗುತ್ತದೆ.

ಆಮೇಲೆ ಆ ಕನಸು ಬರುತ್ತದೆ, 'ನೆರಳುಗಳ' ದೃಶ್ಯ ಅಂತ ಅದಕ್ಕೆ ಹೆಸರು. ರಂಗದ ಹಿಂದೆ ಒಂದು ಇಳಿಜಾರು. ನೀಲಿ ಕತ್ತಲು. ಮೇಲಿನಿಂದ ಬಿಳಿ ಉಡುಪಿನ ಒಬ್ಬಳು ಬರುತ್ತಾಳೆ. ಒಂದು ಕಾಲಿನ ಮೇಲೆ ಮುಂದಕ್ಕೆ ಬಾಗಿ ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚುತ್ತಾಳೆ. ನಂತರ ಹಿಂದಕ್ಕೆ ವಾಲಿ ಕೈಗಳನ್ನು ತಲೆಯ ಮೇಲೆ ಕೂಡಿಸುತ್ತಾಳೆ. ಎರಡು ಹೆಜ್ಜೆ. ಮತ್ತೆ ಅದೇ. ಅಷ್ಟರಲ್ಲಿ ಅವಳ ಹಿಂದೆ ಇನ್ನೊಬ್ಬಳು, ಅದೇ ಚಲನೆ. ಮತ್ತೊಬ್ಬಳು. ಹೀಗೆ 32 ಜನ ಇಳಿದು ಬಂದು ರಂಗವನ್ನು ತುಂಬುತ್ತಾರೆ. ಮೊದಲು ಬಂದವಳು ಅಷ್ಟು ಹೊತ್ತಿಗೆ ಆ ಚಲನೆಯನ್ನು ನಲವತ್ತರ ಹತ್ತಿರ ಸಲ ಮಾಡಿರುತ್ತಾಳೆ. ಹೊಸದು ಏನೂ ಇಲ್ಲ. ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿ ಅದು ಮಂತ್ರವಾಗುವ ತನಕ ಬಿಡುವುದಿಲ್ಲ, ಅಷ್ಟೇ. ಅಫೀಮಿನ ಕನಸು ಅಂದರೆ ಇದು.

ಈಗ ಕ್ಯಾಮೆರಾ ಏನು ಮಾಡಬೇಕು? ಸುಮ್ನೆ ನಿಲ್ಲಬೇಕು. ಆದರೆ ಟಿವಿಯವರಿಗೆ ಸುಮ್ನೆ ನಿಲ್ಲುವುದು ಅಂದರೆ ಭಯ, ಜನ ಚಾನೆಲ್ ಬದಲಾಯಿಸಿಬಿಡುತ್ತಾರೆ ಅಂತ. ನಾನು ನೋಡಿದ ಒಂದು ಮುದ್ರಣದಲ್ಲಿ ನಾಲ್ಕನೆಯವಳು ಬರುವಷ್ಟರಲ್ಲೇ ಮೊದಲನೆಯವಳ ಮುಖ ತೆರೆ ತುಂಬಿತು. ಚೆಂದದ ಮುಖವೇ. ಆದರೆ ಆ ಮುಖ ನೋಡುತ್ತಿದ್ದ ಹತ್ತು ಸೆಕೆಂಡಿನಲ್ಲಿ ಹಿಂದೆ ಇಬ್ಬರು ಹೊಸಬರು ಸೇರಿಕೊಂಡರು. ವಾಪಸ್ ದೂರದ ನೋಟಕ್ಕೆ ಬಂದಾಗ ಸಾಲು ಬೆಳೆದುಬಿಟ್ಟಿತ್ತು. ಬೆಳೆಯುವುದನ್ನು ನಾನು ನೋಡಲಿಲ್ಲ, ಬೆಳೆದದ್ದನ್ನು ನೋಡಿದೆ. ನಂತರ ಪಕ್ಕದ ಕ್ಯಾಮೆರಾಗೆ ಹೋದರು, ಅಲ್ಲಿಂದ ಸಾಲು ಎಡದಿಂದ ಬಲಕ್ಕೆ ಹೋಗುವ ಬದಲು ನಮ್ಮ ಕಡೆಗೇ ಬರುತ್ತಿರುವಂತೆ ಕಂಡಿತು. ಅಷ್ಟಕ್ಕೆ ಕನಸು ಒಡೆಯಿತು. ಅದೇ ಇನ್ನೊಂದು ಮುದ್ರಣದಲ್ಲಿ ಕ್ಯಾಮೆರಾ ಬಾಲ್ಕನಿಯ ಎತ್ತರದಲ್ಲಿ ಕೂತು ಬಹಳ ಹೊತ್ತು ಅಲ್ಲಾಡಲೇ ಇಲ್ಲ. ಇಳಿಜಾರೂ ನೆಲವೂ ಪೂರ್ತಿ ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಯಾರಿಗೂ ಗೊತ್ತಾಗದ ಹಾಗೆ, ನಿಧಾನ ಒಂದಿಷ್ಟು ಮುಂದೆ ಬಂತು. ಆವತ್ತು ಅತ್ತೆ ಕೈಯಲ್ಲಿದ್ದ ಬಟ್ಟಲು ಕೆಳಗಿಡುವುದನ್ನು ಮರೆತಿದ್ದರು.

ಈ ಬ್ಯಾಲೆ ಕೊಳ್ಳುವವರಿಗೆ ಇನ್ನೊಂದು ಕಿವಿಮಾತು. ಹೆಸರು ಒಂದೇ ಆದರೂ ಒಳಗಿನ ಸರಕು ಒಂದೇ ಅಲ್ಲ. ಪೆತಿಪಾ ಮಾಡಿದ ಮೂಲದಲ್ಲಿ ಕೊನೆಗೆ ದೇವಸ್ಥಾನ ಕುಸಿದು ಎಲ್ಲರ ಮೇಲೆ ಬೀಳುತ್ತದೆ. ರಷ್ಯಾದ ಕ್ರಾಂತಿಯ ನಂತರ ಆ ಅಂಕವನ್ನು ಕೈಬಿಟ್ಟರು. ರುಡಾಲ್ಫ್ ನುರೆಯೆವ್ 1992ರ ಅಕ್ಟೋಬರಿನಲ್ಲಿ ಪ್ಯಾರಿಸ್ ಒಪೆರಾಗೆ ಮಾಡಿಕೊಟ್ಟ ಬಯದೇರ್ ಆ ನೆರಳುಗಳ ಕನಸಿನಲ್ಲೇ ಮುಗಿಯುತ್ತದೆ. ಅದು ಅವರ ಕೊನೆಯ ಕೆಲಸ. ಮೂರು ತಿಂಗಳಿಗೆ ತೀರಿಕೊಂಡರು. ಅದರ ಮುದ್ರಣದಲ್ಲಿ ಇಸಬೆಲ್ ಗೆರಾನ್, ಲೊರಾನ್ ಇಲೇರ್, ಎಲಿಜಬೆತ್ ಪ್ಲತೆಲ್ ಇದ್ದಾರೆ. ನತಾಲಿಯಾ ಮಕರೋವಾ 1980ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರಿಗೆ ಮಾಡಿದ ರೂಪದಲ್ಲಿ ದೇವಸ್ಥಾನ ಬೀಳುತ್ತದೆ. ಲಂಡನ್ನಿನ ರಾಯಲ್ ಬ್ಯಾಲೆಯದ್ದೂ ಅದೇ ರೂಪ. 2009ರಲ್ಲಿ ಚಿತ್ರಿಸಿದ ಡಿಸ್ಕಿನಲ್ಲಿ ತಮಾರಾ ರೊಹೊ, ಕಾರ್ಲೋಸ್ ಅಕೋಸ್ಟಾ, ಮರಿಯಾನೆಲಾ ನುನ್ಯೆಸ್ ಕುಣಿದಿದ್ದಾರೆ. 'ಸ್ವಾನ್ ಲೇಕ್' ಕಥೆಯೂ ಅಷ್ಟೇ. ಒಂದರಲ್ಲಿ ಪ್ರೇಮಿಗಳು ಕೆರೆಗೆ ಹಾರುತ್ತಾರೆ, ಸೋವಿಯತ್ ಕಾಲದ ರೂಪಗಳಲ್ಲಿ ರಾಕ್ಷಸ ಸತ್ತು ಇಬ್ಬರೂ ಸುಖವಾಗಿರುತ್ತಾರೆ. ಮ್ಯಾಥ್ಯೂ ಬೋರ್ನ್ 1995ರಲ್ಲಿ ಮಾಡಿದ್ದರಲ್ಲಿ ಹಂಸಗಳೆಲ್ಲ ಗಂಡಸರೇ. ಹಾಗಾಗಿ ಹೆಸರು ನೋಡಿ ಕೊಳ್ಳಬೇಡಿ, ಯಾರು ಕಟ್ಟಿದ ರೂಪ ಅಂತ ನೋಡಿ.

ಮುಖ ಹತ್ತಿರದಿಂದ ತೋರಿಸುವುದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಬ್ಯಾಲೆಯ ಬಣ್ಣ, ಹುಬ್ಬು, ನಗು ಎಲ್ಲ ಮೂವತ್ತು ಮೀಟರ್ ದೂರಕ್ಕೆ ಹಾಕಿದ್ದು. ಗಲೀನಾ ಉಲಾನೋವಾ 1956ರಲ್ಲಿ ಬೊಲ್ಶಾಯ್ ತಂಡದ ಜೊತೆ ಲಂಡನ್ನಿಗೆ ಬಂದು 'ಜಿಸೆಲ್' ಕುಣಿದಾಗ ಆಕೆಗೆ 46 ವರ್ಷ. ಜಿಸೆಲ್ ಇನ್ನೂ ಲೋಕ ಕಾಣದ ಹಳ್ಳಿ ಹುಡುಗಿ. ಪಾಲ್ ಜಿನ್ನರ್ ಅದನ್ನು ಹಲವು ಕ್ಯಾಮೆರಾ ಇಟ್ಟು ಚಿತ್ರಿಸಿದರು. ಹತ್ತಿರದಿಂದ ನೋಡಿದರೆ ವಯಸ್ಸು ಕಾಣುತ್ತದೆ, ಖಂಡಿತ. ಕ್ಯಾಮೆರಾ ಎರಡು ಹೆಜ್ಜೆ ಹಿಂದೆ ಹೋದರೆ ಸಾಕು, ಓಡಿಬರುತ್ತಿರುವುದು ಹದಿನಾರರ ಹುಡುಗಿ. ಆ ಎರಡು ಹೆಜ್ಜೆಯಲ್ಲಿ ಮೂವತ್ತು ವರ್ಷ ಕಳೆದುಹೋಗುತ್ತದೆ. ನನಗಂತೂ ಅದು ಇವತ್ತಿಗೂ ಜಾದೂ.

ಇನ್ನು ಜಿಗಿತ. ಜಿಗಿತದ ಎತ್ತರ ತಿಳಿಯುವುದು ನೆಲ ಕಂಡರೆ ಮಾತ್ರ. ನರ್ತಕ ಮೇಲಕ್ಕೆ ಹೋದ ಹಾಗೆ ಕ್ಯಾಮೆರಾನೂ ಮೇಲಕ್ಕೆ ಹೋದರೆ ಆತ ಚೌಕಟ್ಟಿನ ನಡುವಲ್ಲೇ ಇರುತ್ತಾನೆ, ಹಾರಿದ್ದೇ ಗೊತ್ತಾಗುವುದಿಲ್ಲ. ತುಂಬ ಕೆಳಗಿನಿಂದ ಹಿಡಿದರೆ ಉಲ್ಟಾ ಮೋಸ, ಸಾಧಾರಣ ಜಿಗಿತವೂ ಮಾಳಿಗೆ ಮುಟ್ಟಿದಂತೆ ಕಾಣುತ್ತದೆ. ಮೈಯನ್ನು 60 ಸೆಂಟಿಮೀಟರ್ ಎತ್ತುವ ಜಿಗಿತದಲ್ಲಿ ಗಾಳಿಯಲ್ಲಿ ಇರುವುದು ಸೆಕೆಂಡಿನ ಹತ್ತರಲ್ಲಿ ಏಳು ಪಾಲು ಅಷ್ಟೇ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ಹಿಡಿಯುತ್ತದೆ, ಅಂದರೆ ಇಡೀ ಜಿಗಿತಕ್ಕೆ ಹದಿನೇಳು ಚಿತ್ರ. ಕಾಲು ಚಾಚುವ ಕ್ಷಣಕ್ಕೆ ಮೂರೋ ನಾಲ್ಕೋ. ಕಾಲು ಮಸುಕಾಗುತ್ತದೆ. ಟಿವಿ ಕ್ಯಾಮೆರಾ ಇಲ್ಲಿ ಮೇಲು. ಅದು ಸೆಕೆಂಡಿಗೆ 50 ಅಥವಾ 60 ಅರೆಚಿತ್ರಗಳನ್ನು ಹಿಡಿಯುತ್ತದೆ. ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು. ಬ್ಲೂರೇ ಕವರಿನ ಹಿಂದೆ 1080 ಪಕ್ಕದಲ್ಲಿ 'ಐ' ಅಂತ ಇದ್ದರೆ ಅರ್ಥ ಇದೇ. ಸಿನಿಮಾ ಹುಚ್ಚಿನವರು ಅದನ್ನು ಕೀಳಾಗಿ ನೋಡುತ್ತಾರೆ. ಬ್ಯಾಲೆಗೆ ಅದೇ ಒಳ್ಳೆಯದು, ಚಲನೆ ಎಣ್ಣೆ ಹಚ್ಚಿದ ಹಾಗೆ ಸಾಗುತ್ತದೆ.

ಒಂದು ತೊಂದರೆ ಇದೆ. ಆ ಅರೆಚಿತ್ರಗಳನ್ನು ಟಿವಿಯೋ ಪ್ಲೇಯರೋ ಸರಿಯಾಗಿ ಹೆಣೆಯದಿದ್ದರೆ ಬೀಸುವ ಕಾಲಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಎದ್ದು ಕಾಣುತ್ತದೆ. ಕಂಪ್ಯೂಟರಿನಲ್ಲಿ ನೋಡುವವರಿಗೆ ಇದು ಜಾಸ್ತಿ. ವಿಎಲ್‌ಸಿಯಂಥ ಪ್ಲೇಯರಿನಲ್ಲಿ 'ಡಿಇಂಟರ್‌ಲೇಸ್' ಅಂತ ಇರುತ್ತದೆ, ಅದನ್ನು ಆನ್ ಮಾಡಿದರೆ ಸಾಕು. ಟಿವಿಯ ಸೆಟ್ಟಿಂಗಿನಲ್ಲಿ 'ಓವರ್‌ಸ್ಕ್ಯಾನ್' ಇದ್ದರೆ ತೆಗೆಯಿರಿ, ಅದು ನಾಲ್ಕೂ ಅಂಚನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತದೆ, ಪಾದ ಇರುವುದು ಅಂಚಿನಲ್ಲೇ. 'ವಿವಿಡ್' ಅನ್ನುವ ಮೋಡ್ ಅಂಗಡಿಯಲ್ಲಿ ಟಿವಿ ಮಾರಲು ಇರುವುದು. ಅದರಲ್ಲಿ ಬಿಳಿ ಉಡುಪಿನ ಮಡಿಕೆಗಳೆಲ್ಲ ಸುಟ್ಟುಹೋಗಿ ಸುಣ್ಣ ಬಳಿದಂತೆ ಕಾಣುತ್ತದೆ.

ಡಿಸ್ಕೇ ಬೇಕಾ, ಇಂಟರ್ನೆಟ್ಟಿನಲ್ಲಿ ನೋಡಿದರೆ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಆಗುತ್ತದೆ. ರಾಯಲ್ ಬ್ಯಾಲೆ, ಪ್ಯಾರಿಸ್ ಒಪೆರಾ ತಮ್ಮದೇ ಚಂದಾ ವಾಹಿನಿ ನಡೆಸುತ್ತವೆ. 2014ರಿಂದ ನಡೆಯುತ್ತಿರುವ 'ವರ್ಲ್ಡ್ ಬ್ಯಾಲೆ ಡೇ' ದಿನ ದೊಡ್ಡ ದೊಡ್ಡ ತಂಡಗಳ ಅಭ್ಯಾಸವನ್ನು ಯೂಟ್ಯೂಬಿನಲ್ಲಿ ಬಿಟ್ಟಿಯಾಗಿ ನೋಡಬಹುದು. ಪ್ರದರ್ಶನಕ್ಕಿಂತ ಅಭ್ಯಾಸ ನೋಡುವುದೇ ನನಗೆ ಕೆಲವೊಮ್ಮೆ ಹೆಚ್ಚು ಖುಷಿ. ಆದರೆ ಆ ನೆರಳುಗಳ ದೃಶ್ಯಕ್ಕೆ ಡಿಸ್ಕೇ ಬೇಕು. ಇಂಟರ್ನೆಟ್ಟಿನ ವಿಡಿಯೊ ಹಗುರಾಗುವುದು ಹೇಗೆ ಅಂದರೆ, ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ಸುದ್ದಿ ಓದುವವರ ವಿಷಯದಲ್ಲಿ ಬದಲಾಗುವುದು ತುಟಿ ಮಾತ್ರ. ಇಲ್ಲಿ 32 ಜನ ಒಟ್ಟಿಗೆ ಕೈ ಎತ್ತುತ್ತಾರೆ, ಹಿಂದೆ ನೀಲಿ ಕತ್ತಲು, ನೆಲದಲ್ಲಿ ಮಂಜು. ಬದಲಾಗದೆ ಉಳಿದದ್ದೇ ಇಲ್ಲ. ಬ್ಲೂರೇ ಒಂದು ಸೆಕೆಂಡಿಗೆ 40 ಮೆಗಾಬಿಟ್ ತನಕ ಚಿತ್ರಕ್ಕೆ ಕೊಡಬಲ್ಲದು. ಇಂಟರ್ನೆಟ್ಟಿನ ಸಾಧಾರಣ ಎಚ್‌ಡಿ ವಿಡಿಯೊ 5ರ ಆಸುಪಾಸು. ಅಷ್ಟರಲ್ಲಿ ಕತ್ತಲು ಚೌಕ ಚೌಕವಾಗಿ ಒಡೆಯುತ್ತದೆ, ಬೆರಳುಗಳು ಕರಗುತ್ತವೆ. ಇದಲ್ಲದೆ, ಇವತ್ತು ಇದ್ದ ವಿಡಿಯೊ ನಾಳೆ ಇರುವುದಿಲ್ಲ. ಕಪಾಟಿನ ಡಿಸ್ಕ್ ಎಲ್ಲಿಗೂ ಹೋಗುವುದಿಲ್ಲ.

ಹಾಗಂತ ಡಿಸ್ಕೂ ಸಾಚಾ ಅಲ್ಲ. ನ್ಯೂಜೆರ್ಸಿಯಿಂದ ಬಂದ ನಮ್ಮ ಭಾವ ಅಕ್ಕರೆಯಿಂದ ಎರಡು ಬ್ಯಾಲೆ ಡಿವಿಡಿ ತಂದುಕೊಟ್ಟರು. ಪ್ಲೇಯರಿಗೆ ಹಾಕಿದರೆ ಒಳಗೆ ಎಳೆದುಕೊಂಡು, ಎರಡು ಸಲ ಕರಕರ ಅಂದು, 'ರೀಜನ್ ತಪ್ಪು' ಅಂತ ವಾಪಸ್ ಉಗುಳಿತು. ಕಂಪನಿಗಳು ಜಗತ್ತನ್ನು ಹೋಳು ಮಾಡಿಕೊಂಡಿವೆ. ಡಿವಿಡಿಗೆ ಅಮೆರಿಕ 1, ಯುರೋಪು ಮತ್ತು ಜಪಾನ್ 2, ಭಾರತ 5. ಬ್ಲೂರೇಗೆ ಅಮೆರಿಕ ಎ, ಯುರೋಪು ಬಿ, ನಾವು ಸಿ. ಪುಣ್ಯಕ್ಕೆ ಬ್ಯಾಲೆ, ಒಪೆರಾ ಡಿಸ್ಕುಗಳಲ್ಲಿ ಎಷ್ಟೋ ಎಲ್ಲ ಕಡೆ ನಡೆಯುವಂಥವು, ಕವರಿನ ಹಿಂದೆ 0 ಅಂತಲೋ 'ಆಲ್' ಅಂತಲೋ ಇರುತ್ತದೆ. 4ಕೆ ಡಿಸ್ಕಿಗೆ ಈ ಕಾಟವೇ ಇಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಾಯಿಸಬಹುದು, ಆದರೆ ಐದು ಸಲ ಮಾತ್ರ. ಐದನೆಯದು ಯಾವುದೋ ಅದೇ ಖಾಯಂ. ನಾನು ಮೂರು ಸಲ ಮುಗಿಸಿದ್ದೇನೆ. ಉಳಿದ ಎರಡನ್ನು ಎಫ್‌ಡಿ ಹಾಗೆ ಜೋಪಾನ ಮಾಡಿದ್ದೇನೆ.

ಟಿವಿಯಲ್ಲಿ ಬ್ಯಾಲೆ ಬರುವುದು ಒಂದು ಕಾಲಕ್ಕೆ ದೊಡ್ಡ ಸಂಗತಿ. 1955ರ ಡಿಸೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ಮಾರ್ಗೊ ಫಾಂಟೇನ್ ಅವರ 'ಸ್ಲೀಪಿಂಗ್ ಬ್ಯೂಟಿ'ಯನ್ನು ಒಂದೂವರೆ ಗಂಟೆಗೆ ಇಳಿಸಿ ಬಣ್ಣದಲ್ಲಿ ನೇರ ಪ್ರಸಾರ ಮಾಡಿತು. ಸುಮಾರು 3 ಕೋಟಿ ಜನ ನೋಡಿದರು ಅಂತ ಅಂದಾಜು. ಮಿಖಾಯಿಲ್ ಬರಿಷ್ನಿಕೋವ್ ಅವರ 'ನಟ್‌ಕ್ರ್ಯಾಕರ್' 1977ರ ಡಿಸೆಂಬರಿನಲ್ಲಿ ಸಿಬಿಎಸ್‌ನಲ್ಲಿ ಬಂತು. ಅಲ್ಲಿನ ಎಷ್ಟೋ ಮನೆಗಳಿಗೆ ಅದಿಲ್ಲದೆ ಕ್ರಿಸ್ಮಸ್ ಇಲ್ಲ. ಆದರೆ ಅತಿ ವಿಚಿತ್ರವಾದ ಪ್ರಸಾರ ಸೋವಿಯತ್ ದೇಶದ್ದು. 1991ರ ಆಗಸ್ಟ್ 19ರ ಬೆಳಿಗ್ಗೆ ಅಧ್ಯಕ್ಷ ಗೊರ್ಬಚೆವ್ ವಿರುದ್ಧ ದಂಗೆ ಎದ್ದಾಗ, ಟಿವಿ ಹಾಕಿದವರಿಗೆಲ್ಲ ಕಂಡದ್ದು 'ಸ್ವಾನ್ ಲೇಕ್'. ಬೀದಿಯಲ್ಲಿ ಟ್ಯಾಂಕು, ತೆರೆಯ ಮೇಲೆ ಹಂಸ. 1982ರಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್ ತೀರಿಕೊಂಡಾಗಲೂ ಇದೇ ಬಗೆಯ ಕಾರ್ಯಕ್ರಮ ಹಾಕಿದ್ದರು. ನಮ್ಮಲ್ಲಿ ದೂರದರ್ಶನದಲ್ಲಿ ಇದ್ದಕ್ಕಿದ್ದಂತೆ ಸಾರಂಗಿ ಶುರುವಾದರೆ ಯಾರೋ ದೊಡ್ಡವರು ಹೋದರು ಅಂತ ಗೊತ್ತಾಗುತ್ತಿತ್ತಲ್ಲ, ಹಾಗೆ. 2022ರ ಮಾರ್ಚಿನಲ್ಲಿ ರಷ್ಯಾದ ಸ್ವತಂತ್ರ ಸುದ್ದಿ ವಾಹಿನಿ 'ದೊಝ್ದ್' ಬಾಗಿಲು ಮುಚ್ಚಿದಾಗ ಕೊನೆಗೆ ತೋರಿಸಿದ್ದೂ ಅದೇ ಬ್ಯಾಲೆಯ ಪುಟ್ಟ ಹಂಸಗಳ ನೃತ್ಯವನ್ನು. ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ.

ಮನೆಯಲ್ಲಿ ನೋಡುವುದರಲ್ಲಿ ರಂಗಮಂದಿರಕ್ಕಿಂತ ಮೇಲಾದದ್ದೂ ಇದೆ. ನಿಲ್ಲಿಸಬಹುದು, ಹಿಂದೆ ಹೋಗಬಹುದು. ಬ್ಯಾಲೆಯಲ್ಲಿ ಮಾತಿಲ್ಲ, ಕೈಸನ್ನೆ ಇದೆ. ನಮ್ಮ ಮುದ್ರೆಗಳಷ್ಟು ಇಲ್ಲ, ಹತ್ತಿಪ್ಪತ್ತು ಗೊತ್ತಿದ್ದರೆ ಧಾರಾಳ. ತಲೆಯ ಮೇಲೆ ಎರಡು ಕೈ ಒಂದರ ಸುತ್ತ ಒಂದು ತಿರುಗಿಸಿದರೆ 'ಕುಣಿ'. ಬೆರಳಿನಿಂದ ಮುಖದ ಸುತ್ತ ವೃತ್ತ ಬರೆದರೆ 'ಚೆಲುವೆ'. ಉಂಗುರದ ಬೆರಳು ತೋರಿಸಿದರೆ 'ಮದುವೆ'. ಎರಡು ಬೆರಳು ಮೇಲೆತ್ತಿದರೆ 'ಆಣೆ'. ಮುಷ್ಟಿ ಕಟ್ಟಿ ಮಣಿಕಟ್ಟುಗಳನ್ನು ಅಡ್ಡಡ್ಡ ಇಟ್ಟು ಕೆಳಗಿಳಿಸಿದರೆ 'ಸಾವು'. 'ಜಿಸೆಲ್' ಮೊದಲ ಅಂಕದಲ್ಲಿ ಅಮ್ಮ ಮಗಳಿಗೆ ಕಾಡಿನ ದೆವ್ವಗಳ ಕಥೆ ಹೇಳುವ ಜಾಗಕ್ಕೆ ಹೋಗಿ, ನಿಲ್ಲಿಸಿ ನಿಲ್ಲಿಸಿ ಓದಿ. ಎರಡನೇ ಸಲಕ್ಕೆ ನಿಲ್ಲಿಸದೆಯೇ ಅರ್ಥವಾಗುತ್ತದೆ.

ಸದ್ದಿನ ಬಗ್ಗೆ ಒಂದು ಮಾತು. ರಂಗದ ಅಂಚಿನಲ್ಲಿ ಮೈಕ್ ಇಟ್ಟಿರುತ್ತಾರೆ. ಬ್ಯಾಲೆಯ ಶೂ ಮೆತ್ತನೆಯದು ಅಂದುಕೊಂಡಿರುತ್ತೇವೆ. ಅದರ ತುದಿ ಬಟ್ಟೆ, ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿದ್ದು. ಮನೆಯ ಸ್ಪೀಕರಿನಲ್ಲಿ ಟಕಟಕ ಅಂತ ಕೇಳುತ್ತದೆ. ಕೆಲವರಿಗೆ ಇದರಿಂದ ಕಿರಿಕಿರಿ. ಅತ್ತೆ ಚಿಕ್ಕಂದಿನಲ್ಲಿ ನಾಲ್ಕು ವರ್ಷ ಭರತನಾಟ್ಯ ಕಲಿತವರು. "ನಮಗೆ ಸದ್ದು ಬರೋ ಹಾಗೆ ತಟ್ಟು ಅಂತ ಹೊಡೀತಿದ್ರು. ಇವರು ಪಾಪ, ಸದ್ದು ಮುಚ್ಚೋಕೆ ಒದ್ದಾಡ್ತಾರೆ" ಅಂದರು. ಎರಡು ನೃತ್ಯಗಳ ವ್ಯತ್ಯಾಸವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ನನಗೆ ಹೇಳಿಲ್ಲ.

ಹೊಸದಾಗಿ ನೋಡುವವರು ಮೂರು ಗಂಟೆಯ ಪೂರ್ತಿ ಬ್ಯಾಲೆಯಿಂದ ಶುರು ಮಾಡಬೇಡಿ. ಆ ನೆರಳುಗಳ ಅಂಕ ಒಂದನ್ನೇ ಹಾಕಿ. ಅರ್ಧ ಗಂಟೆ ಚಿಲ್ಲರೆ. ಸಿಕ್ಕರೆ ಎರಡು ಬೇರೆ ಬೇರೆ ತಂಡಗಳದ್ದು ತಂದು ಒಂದೇ ಸಂಜೆ ಹಿಂದೆ ಮುಂದೆ ನೋಡಿ. ನಾವು ಮೊನ್ನೆ ಹಾಗೆ ಮಾಡಿದೆವು, ಮೊದಲು ಪ್ಯಾರಿಸ್, ನಂತರ ಲಂಡನ್. ಕ್ಯಾಮೆರಾ ಎಲ್ಲಿ ಎಡವುತ್ತದೆ ಅಂತ ನಾನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಅತ್ತೆ ಮಾತಾಡದೆ ಬೆರಳು ಮಡಚುತ್ತಿದ್ದರು. ಲಂಡನ್ನಿನ ಸಾಲು ಮುಗಿದ ಮೇಲೆ ನನ್ನ ಕಡೆ ತಿರುಗಿ, "ಇದರಲ್ಲಿ ಇಪ್ಪತ್ನಾಲ್ಕೇ ಜನ ಕಣೋ. ಎಂಟು ಜನ ಕಮ್ಮಿ" ಅಂದರು. ನನಗೆ ಗೊತ್ತೇ ಆಗಿರಲಿಲ್ಲ. ಹಿಂದಕ್ಕೆ ಓಡಿಸಿ ಎಣಿಸಿದೆ. ಇಪ್ಪತ್ನಾಲ್ಕೇ.